ನೆತ್ತರ ಬಣ್ಣ ಅಳೆದವರು

ಕಳೆದ ವರ್ಷ ಮಾಘಮಾಸದಲ್ಲಿ ಅಕ್ಕನ ಮಗಳ ಕುಬಸಕ್ಕೆ ಕರೆ ಬಂದಿತು. ಅಕ್ಕನನ್ನು ಕೊಟ್ಟ ಊರು ವಿಜಯಪುರದ ಮಗ್ಗುಲಿನ ಇಟ್ಟಂಗಿಹಾಳ. ಕಾಲೇಜಿಗೆ ಎರಡು ದಿನ ರಜೆ ಹಾಕಿ ಹೋದೆ. ಹೋಳಿಗೆಯ ಊಟ ಮುಗಿದು, ಹಸಿರು ಬಳೆ ತೊಡಿಸುವ ಗದ್ದಲವೂ ಮುಗಿದು, ಹೆಂಗಸರೆಲ್ಲ ಪಡಸಾಲೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದ ಹೊತ್ತಿನಲ್ಲಿ ನರ್ಸಬಾಯಿಯೊಬ್ಬರು ಬಂದರು. ಅವರಿಗೂ ಕರೆಯಿತ್ತು, ಆದರೆ ಬಂದವರು ತಮ್ಮ ಚೀಲವನ್ನು ಬಿಟ್ಟು ಬಂದಿರಲಿಲ್ಲ. ಉಡಿಯಲ್ಲಿ ಅಕ್ಕಿ, ಕೊಬ್ಬರಿ ತುಂಬಿಸಿಕೊಂಡು ಕುಳಿತ ಹುಡುಗಿಯ ಮುಂದೆ ಕುಕ್ಕರಿಸಿ, “ತಂಗಿ, ಒಂದೀಟು ಮ್ಯಾಲ ನೋಡು” ಎಂದು ಅವಳ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಇಳಿಸಿ ನೋಡಿದರು. ಆ ಮೇಲೆ ಚೀಲದಿಂದ ಅಂಗೈಯಗಲದ ಯಂತ್ರವೊಂದನ್ನು ತೆಗೆದು, ಅವಳ ಬೆರಳ ತುದಿಗೆ ಸೂಜಿ ತಾಗಿಸಿ, ಒಂದು ಹನಿ ನೆತ್ತರನ್ನು ಅದಕ್ಕೆ ಉಣಿಸಿದರು. ಸ್ವಲ್ಪ ಹೊತ್ತಿನಲ್ಲಿಯೇ ಅಂಕಿ ಮೂಡಿತು.

“ಒಂಬತ್ತೂ ನಾಕು. ರಕ್ತ ಕಮ್ಮಿ ಐತ್ರಿ ಅಕ್ಕಾರ” ಎಂದರು, ನನ್ನ ಅಕ್ಕನ ಕಡೆ ತಿರುಗಿ.

ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಬಾಯಿಯ ಎಲೆಯನ್ನು ಒಂದು ಮಗ್ಗುಲಿಗೆ ಸರಿಸಿ, “ಬಸರ ಹೆಣ್ಣಮಗಳಿಗೆ ರಕ್ತ ಕಮ್ಮಿ ಇರೂದು ಹೊಸಾದೇನವ್ವಾ? ನಮಗೂ ಕಮ್ಮೀನ ಇತ್ತು. ನಾವೇನ ಹಡೀಲಿಲ್ಲೇನು?” ಎಂದಳು. ಎಲ್ಲರೂ ನಕ್ಕರು. ಅಕ್ಕ ಮಾತ್ರ ನಗಲಿಲ್ಲ. ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ನಾನು ಕನ್ನಡ ಪಾಠ ಹೇಳುವವನು, ವೈದ್ಯನಲ್ಲ. ಆದರೆ ಆ ನರ್ಸಬಾಯಿ ಎರಡು ನಿಮಿಷದಲ್ಲಿ ಮಾಡಿದ ಎರಡು ಕೆಲಸಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಮೊದಲನೆಯದು ಕಣ್ಣಿನಿಂದ ಕಣ್ಣನ್ನು ನೋಡಿದ್ದು. ಎರಡನೆಯದು ಯಂತ್ರದಿಂದ ಹನಿಯನ್ನು ಅಳೆದದ್ದು. ಇವೆರಡರ ನಡುವೆ ಬಹು ದೀರ್ಘವಾದ ಒಂದು ಚರಿತ್ರೆಯುಂಟು. ಅರಸರ ಪಟ್ಟಾಭಿಷೇಕ, ಕದನ, ಕೋಟೆಗಳ ಚರಿತ್ರೆಯನ್ನು ನಮ್ಮ ವಿಜಯಪುರದವರಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಈ ಹನಿ ನೆತ್ತರಿನ ಚರಿತ್ರೆ ಮಾತ್ರ ನಮ್ಮ ಕಿವಿಗೆ ಅಷ್ಟಾಗಿ ಬಿದ್ದಿಲ್ಲ.

ಶಬ್ದದಿಂದಲೇ ತೊಡಗುತ್ತೇನೆ, ಅದು ನನ್ನ ಕಸುಬಿನ ದೋಷ. ಇಂದು ನಾವು ‘ರಕ್ತಹೀನತೆ’ ಎನ್ನುವುದಕ್ಕೆ ಹಳಬರು ‘ಪಾಂಡುರೋಗ’ ಎಂದರು. ಪಾಂಡು ಎಂದರೆ ಬಿಳಿಚು ಬಣ್ಣ, ಹಳದಿಗೆ ವಾಲಿದ ಬಿಳುಪು. ಪಾಂಡವರ ತಂದೆಗೆ ಆ ಹೆಸರು ಬಂದದ್ದೂ ಮೈಬಣ್ಣದಿಂದಲೇ ಎಂಬುದನ್ನು ಓದುಗರು ಬಲ್ಲರು. ಹಳಬರು ನೆತ್ತರನ್ನು ಅಳೆಯಲಿಲ್ಲ. ನೆತ್ತರು ಹಿಂದೆ ಸರಿದಾಗ ಚರ್ಮದ ಮೇಲೆ ಉಳಿದ ಬಣ್ಣವನ್ನು ನೋಡಿ ರೋಗಕ್ಕೆ ಹೆಸರಿಟ್ಟರು. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಈ ರೋಗಕ್ಕೆ ಒಂದು ಅಧ್ಯಾಯವೇ ಮೀಸಲು. ವಾತ, ಪಿತ್ತ, ಕಫ, ಮೂರೂ ಕೂಡಿದ್ದು ಎಂದು ನಾಲ್ಕು ಬಗೆಗಳನ್ನು ಹೇಳಿ, ಚರಕ ಐದನೆಯದೊಂದನ್ನು ಹೇಳುತ್ತಾನೆ: ಮಣ್ಣು ತಿನ್ನುವುದರಿಂದ ಬರುವ ಪಾಂಡು. ತಿಂದ ಮಣ್ಣು ಜೀರ್ಣವಾಗದೆ ದೇಹದ ಸ್ರೋತಸ್ಸುಗಳನ್ನು ಕಟ್ಟಿಹಾಕುತ್ತದೆ ಎಂಬುದು ಅವನ ವಿವರಣೆ. ಮದ್ದು ಏನೆಂದರೆ ಕಬ್ಬಿಣ. ಒಂಬತ್ತು ಗಿಡಮೂಲಿಕೆಗಳ ಒಂಬತ್ತು ಭಾಗಕ್ಕೆ ಒಂಬತ್ತು ಭಾಗ ಲೋಹದ ಪುಡಿ ಕೂಡಿಸಿ ಮಾಡುವ ನವಾಯಸ ಚೂರ್ಣ. ಕಬ್ಬಿಣದ ಕಿಟ್ಟದಿಂದ ಮಾಡುವ ಮಂಡೂರ. ನೆತ್ತರಿನಲ್ಲಿ ಕಬ್ಬಿಣವಿದೆ ಎಂಬ ತಿಳಿವಳಿಕೆ ಇನ್ನೂ ಇಲ್ಲದ ಕಾಲದಲ್ಲಿ ಈ ಔಷಧ ಹೇಗೆ ಹೊಳೆಯಿತೋ! ಇಷ್ಟು ಓದಿ ‘ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು’ ಎಂದು ಎದೆ ತಟ್ಟಿಕೊಳ್ಳುವವರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಬಿಳಿಚಿದ ಮುಖ, ತಿಂದ ಮಣ್ಣು, ಕುಡಿಸಿದ ಕಬ್ಬಿಣ ಈ ಮೂರನ್ನೂ ಒಂದೇ ಅಧ್ಯಾಯದಲ್ಲಿ ತಂದು ಕೂಡಿಸಿದ ಕಣ್ಣು ಸಣ್ಣ ಕಣ್ಣಲ್ಲ.

ಇದೇ ಕೂಟವನ್ನು ಇನ್ನೊಬ್ಬನೂ ಕಂಡಿದ್ದ. ಅವನು ವೈದ್ಯನಲ್ಲ, ಕವಿ. ರಘುವಂಶದ ಮೂರನೆಯ ಸರ್ಗದಲ್ಲಿ ದಿಲೀಪನ ರಾಣಿ ಸುದಕ್ಷಿಣೆ ಗರ್ಭಿಣಿಯಾಗುತ್ತಾಳೆ. ಅವಳ ಮೈ ಸೊರಗಿತು, ಒಡವೆಗಳನ್ನು ಕಳಚಿಟ್ಟಳು, ಮುಖ ಬಿಳುಪೇರಿತು ಎಂದು ಕಾಳಿದಾಸ ಹೇಳುತ್ತಾನೆ. ಅದರ ಬೆನ್ನಿಗೇ, ಏಕಾಂತದಲ್ಲಿ ಅರಸನು ಅವಳ ಬಾಯಿಯಲ್ಲಿ ಮಣ್ಣಿನ ಕಂಪನ್ನು ಮೂಸಿ ತಣಿಯದೆ ಹೋದನೆಂದೂ ಹೇಳುತ್ತಾನೆ. ಹುಟ್ಟಲಿರುವ ಮಗ ಮುಂದೆ ಇಡೀ ಪೃಥ್ವಿಯನ್ನು ಆಳಿ ಅನುಭವಿಸುವವನಲ್ಲವೆ. ಆದ್ದರಿಂದ ತಾಯಿಗೆ ಈಗಲೇ ಮಣ್ಣಿನ ರುಚಿ ಹತ್ತಿತಂತೆ! ನಮ್ಮ ಚಂಪೂ ಕವಿಗಳಿಗೂ ಗರ್ಭಿಣಿಯ ಬೆಳ್ಪೇರಿದ ಮುಖವೆಂದರೆ ವರ್ಣನೆಯ ಒಂದು ಹಬ್ಬ. ಎಂ.ಎ. ತರಗತಿಯಲ್ಲಿ ಈ ದೋಹದದ ಸ್ವಾರಸ್ಯವನ್ನು ನಾನು ಎಷ್ಟೋ ಸಲ ಬಣ್ಣಿಸಿದ್ದೇನೆ. ವಿದ್ಯಾರ್ಥಿನಿಯರು ತಲೆ ತಗ್ಗಿಸಿ ಬರೆದುಕೊಂಡಿದ್ದಾರೆ. ಅವರಲ್ಲಿ ಎಷ್ಟು ಜನರ ಕೆಳರೆಪ್ಪೆ ಬಿಳುಪಾಗಿತ್ತೆಂದು ನಾನು ನೋಡಿದವನಲ್ಲ.

ಈಗ ಅಕ್ಕ ನನ್ನ ಮುಖ ನೋಡಿದ್ದರ ಕಾರಣ ಹೇಳಬೇಕು. 1992ರಲ್ಲಿ ಅವಳು ಚೊಚ್ಚಲ ಬಸುರಿ. ನಾನು ಹನ್ನೆರಡು ವರ್ಷದ ಹುಡುಗ. ಬೇಸಗೆಯ ರಜೆಗೆ ಇಟ್ಟಂಗಿಹಾಳಕ್ಕೆ ಹೋಗಿದ್ದೆ. ಇಟ್ಟಿಗೆಗೆ ನಮ್ಮ ಕಡೆ ಇಟ್ಟಂಗಿ ಎನ್ನುತ್ತಾರೆ. ಊರಿನ ಹೆಸರಿಗೆ ತಕ್ಕಂತೆ ಅಕ್ಕನ ಹಿತ್ತಲಿನಲ್ಲಿ ಒಂದು ಮುರುಕು ಇಟ್ಟಂಗಿ ಗೋಡೆಯಿತ್ತು. ಅಕ್ಕ ಒಂದು ದಿನ ಮೆಲ್ಲಗೆ ಕರೆದು, “ತಮ್ಮಾ, ಆ ಗ್ವಾಡ್ಯಾಂದು ಒಂದು ಚೂರು ಕೆತ್ತಿ ತಾ. ಯಾರ ಮುಂದೂ ಹೇಳಬ್ಯಾಡ” ಎಂದಳು. ತಂದುಕೊಟ್ಟೆ. ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಕಣ್ಣು ಮುಚ್ಚಿ ಮೂಸಿ, ಬಾಯಿಗೆ ಹಾಕಿಕೊಂಡಳು. ಅಂದಿನಿಂದ ಅದು ನನ್ನ ನಿತ್ಯದ ಚಾಕರಿಯಾಯಿತು. ಗುಟ್ಟು ಕಾಯುವ ಹೆಮ್ಮೆ ಬೇರೆ. ಊರಿಗೆ ಬರುತ್ತಿದ್ದ ದಾದಿ ಅವಳಿಗೆ ಕೆಂಪು ಗುಳಿಗೆ ಕೊಟ್ಟು ಹೋಗುತ್ತಿದ್ದಳು. ಅವು ತಿಪ್ಪೆಗೆ ಹೋಗುತ್ತಿದ್ದವು. “ಬಾಯಾಗ ತುಕ್ಕು ಹಿಡಿಧಂಗ ಆಗ್ತೈತಿ, ಹೊಟ್ಟಿ ತೊಳಸ್ತೈತಿ” ಎನ್ನುತ್ತಿದ್ದಳು. ಮಲ ಕಪ್ಪಾಗುತ್ತದೆಂಬ ಹೆದರಿಕೆ, ಕೂಸು ಕಪ್ಪಾಗುತ್ತದೆಂದು ಅತ್ತೆಯ ಹೆದರಿಕೆ, ಕೂಸು ಬಲು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆಂದು ಓಣಿಯವರ ಹೆದರಿಕೆ. ಆರನೆಯ ತಿಂಗಳಿಗೆ ಮುಖ ಬೆಳ್ಳಗಾಯಿತು. “ಬಸರಗ ಹೆಂಗ ಬಣ್ಣ ಬಂದೈತಿ ನೋಡ್ರೀ” ಎಂದು ಬಂದವರೆಲ್ಲ ಲಟಿಕೆ ಮುರಿದು ದೃಷ್ಟಿ ತೆಗೆದರು.

ಹೆರಿಗೆಯಲ್ಲಿ ಬಹಳ ನೆತ್ತರು ಹೋಯಿತು. ನಗರದ ಆಸ್ಪತ್ರೆಗೆ ಒಯ್ದಾಗ ರಕ್ತ ಕೊಡುವವರು ಬೇಕೆಂದರು. ಜೊತೆಗೆ ಹೋಗಿದ್ದ ಗಂಡಸರಲ್ಲಿ ಇಬ್ಬರು ಚಹಾ ಕುಡಿಯಲು ಹೋದವರು ತಿರುಗಿ ಬರಲಿಲ್ಲ. ಕೊನೆಗೆ ಮೈದುನನೊಬ್ಬ ತೋಳು ಚಾಚಿದ. ಅಕ್ಕ ಉಳಿದಳು. ಅಂಗೈಯಷ್ಟಿದ್ದ ಕೂಸು ಒಂಬತ್ತು ದಿನ ಬದುಕಿತ್ತು. ಆ ಚೂರುಗಳ ಸಂಗತಿ ನಮ್ಮಿಬ್ಬರ ನಡುವೆಯೇ ಉಳಿಯಿತು.

ಆದ್ದರಿಂದ ಈ ಚರಿತ್ರೆಯನ್ನು ನಾನು ಹುಡುಕಿಕೊಂಡು ಹೋದದ್ದು ಬರಿಯ ಪಾಂಡಿತ್ಯದ ಹಂಬಲದಿಂದಲ್ಲ.

ಯುರೋಪಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಅಲ್ಲಿಯೂ ಹರೆಯದ ಹುಡುಗಿಯರ ಬಿಳಿಚು ರೋಗಕ್ಕೆ ‘ಹಸಿರು ಕಾಹಿಲೆ’ ಎಂಬ ಹೆಸರಿತ್ತು. 1554ರಲ್ಲಿ ಲಾಂಗೆ ಎಂಬ ಜರ್ಮನ್ ವೈದ್ಯ ಇದು ಕನ್ನೆಯರ ರೋಗವೆಂದೂ, ಮದುವೆಯೇ ಇದಕ್ಕೆ ಮದ್ದೆಂದೂ ಬರೆದ. ಆ ಮಹಾಶಯ ನಮ್ಮ ಸೀಮೆಯ ಯಾವ ಕಟ್ಟೆಯ ಮೇಲೆ ಕುಳಿತಿದ್ದರೂ ಹೊರಗಿನವನೆನಿಸುತ್ತಿರಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಲಂಡನ್ನಿನ ಸಿಡೆನ್‌ಹ್ಯಾಮ್ ಕಬ್ಬಿಣವನ್ನು ಔಷಧವಾಗಿ ಕೊಡಲಾರಂಭಿಸಿದ. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಮೆಂಗೀನಿ ಎಂಬಾತ ನೆತ್ತರನ್ನು ಸುಟ್ಟು ಬೂದಿ ಮಾಡಿ, ಆ ಬೂದಿಯ ಕಣಗಳು ಅಯಸ್ಕಾಂತಕ್ಕೆ ಅಂಟಿಕೊಳ್ಳುವುದನ್ನು ತೋರಿಸಿದ. ನೆತ್ತರಿನಲ್ಲಿ ಕಬ್ಬಿಣವಿದೆ ಎಂಬುದಕ್ಕೆ ಅದು ಕಣ್ಣಾರೆ ಕಂಡ ಸಾಕ್ಷಿ. 1832ರಲ್ಲಿ ಫ್ರಾನ್ಸಿನ ಬ್ಲಾಡ್ ಕಬ್ಬಿಣದ ಗುಳಿಗೆಯನ್ನು ರೂಢಿಗೆ ತಂದ. ಅಕ್ಕ ತಿಪ್ಪೆಗೆ ಎಸೆದ ಗುಳಿಗೆಯ ಹಿರಿಯಜ್ಜನೆಂದರೆ ಅದೇ.

ಆದರೆ ಎಷ್ಟು ಕಮ್ಮಿ? ಯಾರಿಗೆ ಕಮ್ಮಿ? ಕಣ್ಣು ಅದನ್ನು ಹೇಳದು. 1878ರ ಹೊತ್ತಿಗೆ ಲಂಡನ್ನಿನ ಗೋವರ್ಸ್ ನೆತ್ತರ ಬಣ್ಣವನ್ನು ಅಳೆಯುವ ಸಣ್ಣ ಸಾಧನವೊಂದನ್ನು ಮಾಡಿದ. 1902ರಲ್ಲಿ ಸ್ವಿಟ್ಜರ್ಲೆಂಡಿನ ಸಾಹ್ಲಿ ಅದನ್ನು ತಿದ್ದಿದ. ಸಾಹ್ಲಿಯ ನಳಿಕೆ ನಮ್ಮ ದೇಶದ ಆರೋಗ್ಯ ಕೇಂದ್ರಗಳಲ್ಲಿ ಎಷ್ಟೋ ದಶಕ ದುಡಿಯಿತು. ಅದರ ರೀತಿ ಸರಳ. ಗೆರೆ ಹಾಕಿದ ಗಾಜಿನ ನಳಿಕೆಯಲ್ಲಿ ತೆಳು ಆಮ್ಲ ಹಾಕಿ ಅದಕ್ಕೆ ಬೆರಳಿನ ಹನಿ ನೆತ್ತರು ಬೆರೆಸುವುದು. ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಮಗ್ಗುಲಿಗೆ ಒಂದು ಖಾಯಂ ಕಂದು ಗಾಜಿನ ಕಂಬಿ. ಎರಡೂ ಬಣ್ಣ ಒಂದಾಗುವ ತನಕ ಹನಿಹನಿಯಾಗಿ ನೀರು ಬೆರೆಸುತ್ತ ಹೋಗಿ, ನೀರು ಎಲ್ಲಿಗೆ ಏರಿತೋ ಆ ಗೆರೆಯನ್ನು ಓದುವುದು. ಬೆಳಕಿನಲ್ಲಿ ಹಿಡಿದು ನೋಡುವವನ ಕಣ್ಣು ಮಂದವಾಗಿದ್ದರೆ, ಮೋಡ ಕವಿದಿದ್ದರೆ, ಸರದಿಯಲ್ಲಿ ಐವತ್ತು ಜನ ಕಾದಿದ್ದರೆ ಅಂಕಿಯೂ ಅತ್ತಿತ್ತ ಸರಿಯುತ್ತಿತ್ತು. ಆದರೂ ಬಿಳಿಚಿದ ಮುಖಕ್ಕೆ ಮೊದಲ ಬಾರಿ ಒಂದು ಅಂಕಿ ಸಿಕ್ಕಿತು. ಆ ಕೆಂಬಣ್ಣದ ವಸ್ತುವಿನ ಹೆಸರು ಹಿಮೋಗ್ಲೋಬಿನ್. ಉಸಿರಿನ ಗಾಳಿಯನ್ನು ಮೈಯ ಮೂಲೆಮೂಲೆಗೆ ಹೊತ್ತು ಹಂಚುವ ಹಮಾಲನೆಂದರೆ ಅದು. ದೊಡ್ಡ ಮನುಷ್ಯನ ಮೈಯಲ್ಲಿರುವ ಕಬ್ಬಿಣವೆಲ್ಲ ಕೂಡಿದರೆ ಮೂರು ನಾಲ್ಕು ಗ್ರಾಂ, ಒಂದು ಮೊಳೆಯಷ್ಟು. ಬಸುರಿನ ಒಂಬತ್ತು ತಿಂಗಳಿಗೆ ಅದರ ಮೇಲೆ ಸುಮಾರು ಒಂದು ಗ್ರಾಂ ಹೆಚ್ಚಿಗೆ ಬೇಕು. ಆ ಒಂದು ಗ್ರಾಮಿನ ಹಿಂದೆಯೇ ಈ ಎಲ್ಲ ಕಥೆ ಸುತ್ತುತ್ತಿದೆ.

ಇನ್ನು ಮುಂಬಯಿಗೆ ಬರೋಣ. ಈ ಚರಿತ್ರೆಯಲ್ಲಿ ನನಗೆ ಬಹಳ ಹಿಡಿಸಿದ ಅಧ್ಯಾಯ ಇದು. ನಮಗೆ ಹತ್ತಿರದ್ದೂ ಹೌದು. 1956ರ ತನಕ ವಿಜಾಪುರ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಮಳೆ ಕೈಕೊಟ್ಟ ವರ್ಷ ನಮ್ಮ ಹಳ್ಳಿಗಳ ಜನ ಗಂಟುಮೂಟೆ ಕಟ್ಟಿ ಸೊಲ್ಲಾಪುರ, ಮುಂಬಯಿಗಳ ಗಿರಣಿಯ ದಾರಿ ಹಿಡಿಯುತ್ತಿದ್ದರು. ಆ ಗಿರಣಿಗಳ ಮುಂಬಯಿಗೆ 1928ರಲ್ಲಿ ಇಂಗ್ಲೆಂಡಿನಿಂದ ಲೂಸಿ ವಿಲ್ಸ್ ಎಂಬ ನಲವತ್ತರ ವಯಸ್ಸಿನ ವೈದ್ಯೆ ಬಂದಳು. ಕೇಂಬ್ರಿಜ್ಜಿನಲ್ಲಿ ಸಸ್ಯಶಾಸ್ತ್ರ, ಭೂಶಾಸ್ತ್ರಗಳನ್ನು ಓದಿ, ಆ ಮೇಲೆ ವೈದ್ಯಕೀಯ ಕಲಿತವಳು. ರೋಗಿಗಳ ಸಾಲಿಗಿಂತ ಪ್ರಯೋಗಶಾಲೆಯನ್ನು ಮೆಚ್ಚಿದವಳು. ಬಾಣಂತಿಯರ ಸಾವಿನ ಕಾರಣ ಹುಡುಕುವ ವಿಚಾರಣೆಯೊಂದು ಆಗ ನಡೆದಿತ್ತು. ಪರೇಲಿನ ಹಾಫ್‌ಕಿನ್ ಸಂಸ್ಥೆಯಲ್ಲಿ ಅವಳ ಕೆಲಸ. ಬಸುರಿಯರಲ್ಲಿ ಘೋರವಾದ ರಕ್ತಹೀನತೆ ಕಾಣುತ್ತಿತ್ತು. ಗಿರಣಿ ಕೆಲಸದ ಬಡ ಹೆಂಗಸರು ಇದಕ್ಕೆ ಬಲಿಯಾಗುತ್ತಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇನ್ನೊಂದು ವಿಚಿತ್ರ. ಕಬ್ಬಿಣದ ಕೊರತೆಯಲ್ಲಿ ಕೆಂಪುಕಣಗಳು ಸಣ್ಣವಾಗಿ ಮಂಕಾಗಿರುತ್ತವೆ. ಈ ಹೆಂಗಸರ ಕಣಗಳು ಸಂಖ್ಯೆಯಲ್ಲಿ ಕಡಿಮೆ, ಆದರೆ ಗಾತ್ರದಲ್ಲಿ ದೊಡ್ಡವು. ಕಬ್ಬಿಣ ಕೊಟ್ಟರೂ ಈ ಬಗೆಯ ರೋಗ ಮಣಿಯದು.

ಲೂಸಿ ವಿಲ್ಸ್ ಮೊದಲು ನೋಡಿದ್ದು ಅವರ ತಟ್ಟೆಯನ್ನು. ತಳಪದೆ ಎಂಬ ಸಹೋದ್ಯೋಗಿಯೊಡನೆ ಕೂಡಿ ಮುಂಬಯಿಯ ಹೆಂಗಸರ ಊಟ, ವಸತಿಗಳ ವಿಚಾರ ಮಾಡಿದಳು; ಮೆಹ್ತಾ ಎಂಬವರೊಡನೆ ಕೂಡಿ ರೋಗದ ಲಕ್ಷಣಗಳನ್ನು ಬರೆದಳು. ಬಡವರ ತಟ್ಟೆಯಲ್ಲಿ ಕಾಯಿಪಲ್ಯೆಯಿಲ್ಲ, ಹಣ್ಣಿಲ್ಲ. ಅದೇ ಊಟವನ್ನು ಹೋಲುವ ತಿನಿಸನ್ನು ಬಸುರಿ ಇಲಿಗಳಿಗೆ ಹಾಕಿದಾಗ ಅವುಗಳಿಗೂ ರಕ್ತ ಕಮ್ಮಿಯಾಯಿತು. ಆದರೆ ಆ ಇಲಿಗಳಿಗೆ ಹೇನು ಹತ್ತಿದ್ದು ಮುಂದೆ ತಿಳಿಯಿತು. ಹೇನಿನಿಂದ ಬರುವ ಸೋಂಕೂ ಇಲಿಗಳ ನೆತ್ತರನ್ನು ಕುಂದಿಸಬಲ್ಲದು. ಆದ್ದರಿಂದ ಆ ಪ್ರಯೋಗದ ಮೇಲೆ ಪೂರಾ ನಂಬಿಕೆ ಇಡುವಂತಿಲ್ಲ. ಅಷ್ಟಕ್ಕೆ ಕೈ ಚೆಲ್ಲದೆ ಅವಳು ಮಂಗಗಳ ಮೇಲೆ ಪ್ರಯೋಗ ಮಾಡಿದಳು. ನಡುವೆ ಕೂನೂರಿಗೆ ಹೋಗಿ ಬಂದಳು, ಮದರಾಸಿನಲ್ಲಿಯೂ ಕೆಲಸ ಮಾಡಿದಳು. ಕೊನೆಗೆ ಕೈಗೆ ಸಿಕ್ಕ ಮದ್ದು ಯಾವ ರಾಜವೈದ್ಯನ ಭರಣಿಯದೂ ಅಲ್ಲ. ಅದು ಮಾರ್ಮೈಟ್, ಮದ್ಯ ತಯಾರಿಸುವಲ್ಲಿ ಉಳಿದ ಹುದುಗಿನಿಂದ ಮಾಡಿದ, ಇಂಗ್ಲಿಷರು ಬೆಳಗ್ಗೆ ರೊಟ್ಟಿಗೆ ಸವರಿಕೊಳ್ಳುವ ಕಪ್ಪು ಲೇಹ್ಯ. ಅದನ್ನು ಕೊಟ್ಟ ಕೆಲವೇ ದಿನಗಳಲ್ಲಿ ಬಸುರಿಯರ ನೆತ್ತರಿನಲ್ಲಿ ಹೊಸ ಕಣಗಳು ಹುಟ್ಟತೊಡಗಿದವು. 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಈ ಸಂಗತಿಯನ್ನು ಪ್ರಕಟಿಸಿದಳು.

ಆ ಹುದುಗಿನೊಳಗಿನ ಗುಣವಸ್ತುವಿಗೆ ಜನ ‘ವಿಲ್ಸ್ ಅಂಶ’ ಎಂದು ಹೆಸರಿಟ್ಟರು. ಹತ್ತು ವರ್ಷಗಳ ಮೇಲೆ, 1941ರಲ್ಲಿ, ಅಮೆರಿಕದ ಟೆಕ್ಸಾಸಿನಲ್ಲಿ ನಾಲ್ಕು ಟನ್ನು ಪಾಲಕ ಸೊಪ್ಪನ್ನು ಅರೆದು ಒಂದು ಆಮ್ಲವನ್ನು ಬೇರ್ಪಡಿಸಿ, ಎಲೆಯಿಂದ ಬಂದದ್ದೆಂದು ಲ್ಯಾಟಿನ್ನಿನ ಎಲೆಯ ಹೆಸರಿನಿಂದಲೇ ಫೋಲಿಕ್ ಆಮ್ಲ ಎಂದು ಕರೆದರು. 1945ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಕೃತಕವಾಗಿ ತಯಾರಿಸಿದ ಲೆಡರ್ಲೆ ತಂಡದ ನಾಯಕ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮುಂಬಯಿಯ ಗಿರಣಿ ಹೆಂಗಸಿನ ಕಣ್ಣರೆಪ್ಪೆಯಿಂದ ಹೊರಟ ಪ್ರಶ್ನೆಗೆ ಭೀಮವರಂನ ಹುಡುಗ ಅಮೆರಿಕದಲ್ಲಿ ಕುಳಿತು ಉತ್ತರ ಕಟ್ಟಿದ. ಇಂಥ ಸಂಗತಿಗಳನ್ನು ಶಾಲೆಯ ಪುಸ್ತಕಗಳಲ್ಲಿ ಹಾಕುವುದಿಲ್ಲವೇಕೆ ಎಂದು ನನಗೆ ಆಗಾಗ ಸಿಟ್ಟು ಬರುತ್ತದೆ. ಲೂಸಿ ವಿಲ್ಸ್ 1964ರಲ್ಲಿ ತೀರಿಕೊಂಡಳು.

ಅವಳ ಕೆಲಸದಿಂದ ಸ್ಪಷ್ಟವಾದದ್ದು ಇಷ್ಟು: ‘ರಕ್ತ ಕಮ್ಮಿ’ ಎಂಬುದು ಒಂದು ರೋಗದ ಹೆಸರಲ್ಲ; ಹಲವು ರೋಗಗಳು ಹಾಕಿಕೊಂಡ ಒಂದೇ ವೇಷ. ಕಬ್ಬಿಣವಿಲ್ಲದ್ದು ಒಂದು, ಫೋಲಿಕ್ ಆಮ್ಲವಿಲ್ಲದ್ದು ಒಂದು, ಬಿ ಹನ್ನೆರಡು ಜೀವಸತ್ವವಿಲ್ಲದ್ದು ಮತ್ತೊಂದು. ಬರಿಗಾಲಿನಲ್ಲಿ ಹೊಲದಲ್ಲಿ ನಡೆಯುವವರ ಕರುಳು ಸೇರಿ ನೆತ್ತರು ಹೀರುವ ಕೊಕ್ಕೆಹುಳುವಿನದು ಇನ್ನೊಂದು. ಹುಟ್ಟಿನಿಂದಲೇ ಕಣಗಳು ಕುಡುಗೋಲಿನಂತೆ ಬಾಗುವ ರೋಗವೂ ಉಂಟು. 1952ರಲ್ಲಿ ಅದನ್ನು ನಮ್ಮ ದೇಶದಲ್ಲಿ ಮೊದಲು ಗುರುತಿಸಿದ್ದು ನೀಲಗಿರಿಯ ಗುಡ್ಡದ ಜನರಲ್ಲಿ. ಯಂತ್ರದ ಒಂಬತ್ತೂ ನಾಕು ಎಷ್ಟು ಕಮ್ಮಿ ಎಂದು ಹೇಳುತ್ತದೆಯೇ ಹೊರತು ಯಾಕೆ ಕಮ್ಮಿ ಎಂದು ಹೇಳುವುದಿಲ್ಲ.

1970ರಲ್ಲಿ ಭಾರತ ಸರಕಾರ ಬಸುರಿಯರಿಗೂ ಮಕ್ಕಳಿಗೂ ಗುಳಿಗೆ ಹಂಚುವ ರಾಷ್ಟ್ರೀಯ ಕಾರ್ಯಕ್ರಮವನ್ನು ತೊಡಗಿತು. ಆ ಗುಳಿಗೆಯಲ್ಲಿ ಕಬ್ಬಿಣವೂ ಉಂಟು, ಫೋಲಿಕ್ ಆಮ್ಲವೂ ಉಂಟು. ಎಂದರೆ ಸಿಡೆನ್‌ಹ್ಯಾಮನೂ ಲೂಸಿ ವಿಲ್ಸಳೂ ಒಂದೇ ಕೆಂ‌ಪು ಕವಚದೊಳಗೆ ಕುಳಿತಿದ್ದರು. ಅಕ್ಕ ಎಸೆದದ್ದು ಅವರಿಬ್ಬರನ್ನೂ. ಹೆಸರುಗಳು ಬದಲಾಗುತ್ತ ಬಂದು, 2018ರಲ್ಲಿ ಅದೇ ಕಾರ್ಯ ‘ಅನೀಮಿಯಾ ಮುಕ್ತ ಭಾರತ’ವಾಯಿತು. ಹೀಗೆ ಅರ್ಧ ಶತಮಾನ ಹಂಚಿದ ಮೇಲೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದ್ದೇನು? ದೇಶದ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತ ಕಮ್ಮಿ. ಹಿಂದಿನ ಸಮೀಕ್ಷೆಗಿಂತ ಈ ಅಂಕಿ ಏರಿತ್ತು!

ಇಲ್ಲಿ ಪಂಡಿತರ ನಡುವೆ ದೊಡ್ಡ ವಾದವೆದ್ದಿತು. ಅದರಲ್ಲಿ ನಮ್ಮ ಬೆಂಗಳೂರಿನ ಪಾತ್ರವೂ ಸಣ್ಣದಲ್ಲ. ಸಮೀಕ್ಷೆಯವರು ಅಳೆದದ್ದು ಬೆರಳ ತುದಿಯ ಹನಿಯನ್ನು. ಬೆರಳನ್ನು ಹಿಂಡಿದರೆ ನೆತ್ತರಿನ ಜೊತೆಗೆ ಮಾಂಸದ ನೀರೂ ಬೆರೆತು ಅಂಕಿ ತಪ್ಪುವುದುಂಟು. 2016-18ರಲ್ಲಿ ಮಕ್ಕಳ ಪೋಷಣೆಯ ಇನ್ನೊಂದು ರಾಷ್ಟ್ರೀಯ ಸಮೀಕ್ಷೆ ರಕ್ತನಾಳದಿಂದ ತೆಗೆದ ನೆತ್ತರನ್ನು ಪರೀಕ್ಷಿಸಿದಾಗ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಕಂಡ ರಕ್ತಹೀನತೆ ನೂರಕ್ಕೆ 41. ಅದಲ್ಲದೆ, ‘ಕಮ್ಮಿ’ ಎನ್ನಲು ಹಾಕಿದ ಗೆರೆ ಯಾರದು? ಬಸುರಿಗೆ 11, ಹೆಂಗಸಿಗೆ 12, ಗಂಡಸಿಗೆ 13 ಗ್ರಾಂ ಎಂದು ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲಿ ಮುದ್ರಿಸಿದ ಗೆರೆ ಅದು. ಅದಕ್ಕೆ ಆಧಾರವಾಗಿದ್ದ ಅಭ್ಯಾಸಗಳು ಕೈಬೆರಳೆಣಿಕೆಯಷ್ಟು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪಾಡ್, ದಿಲ್ಲಿಯ ಎಚ್.ಪಿ.ಎಸ್. ಸಚ್‌ದೇವ್ ಮೊದಲಾದವರು ಭಾರತದ ಆರೋಗ್ಯವಂತ ಮಕ್ಕಳ ನೆತ್ತರನ್ನೇ ಆಧಾರವಾಗಿಟ್ಟುಕೊಂಡು, ಗೆರೆಯು ಒಂದೆರಡು ಗ್ರಾಮಿನಷ್ಟು ಕೆಳಗಿರಬೇಕೆಂದು 2021ರಲ್ಲಿ ವಾದಿಸಿದರು. ಆ ಗೆರೆಯನ್ನೊಪ್ಪಿದರೆ ರೋಗಿಗಳ ಸಂಖ್ಯೆ ಸುಮಾರು ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. 2024ರಲ್ಲಿ ವಿಶ್ವ ಸಂಸ್ಥೆಯೂ ತನ್ನ ಗೆರೆಗಳನ್ನು ಪರಿಶೀಲಿಸಿ, ಎಳೆಯ ಮಕ್ಕಳ ಗೆರೆಯನ್ನು ಅರ್ಧ ಗ್ರಾಂ ಇಳಿಸಿತು. ಸಾಧ್ಯವಿದ್ದಲ್ಲಿ ರಕ್ತನಾಳದ ನೆತ್ತರನ್ನೇ ಅಳೆಯಿರೆಂದಿತು.

ವಾದ ಯೋಗ್ಯವಾದದ್ದೇ. ಬೇಡದವರಿಗೆ ಕಬ್ಬಿಣ ತಿನ್ನಿಸುವುದೂ ಒಳ್ಳೆಯದಲ್ಲ. ಆದರೆ ಕಾಗದದ ಮೇಲೆ ಗೆರೆ ಸರಿದಾಗ ಕೋಟಿ ಮಕ್ಕಳು ರಾತ್ರಿ ಬೆಳಗಾಗುವುದರಲ್ಲಿ ಗುಣವಾಗುವ ಸೊಬಗನ್ನು ನೋಡಿದರೆ ನನ್ನಂಥ ಹೊರಗಿನವನಿಗೆ ಒಂದು ಬಗೆಯ ಅಳುಕು. ಗೆರೆ ಎಲ್ಲಿಯೇ ಇರಲಿ, ಏಳು ಗ್ರಾಂ ನೆತ್ತರಿನಲ್ಲಿ ಹೆರಿಗೆ ಕೋಣೆಗೆ ಹೋಗುವವಳಿಗೆ ಆ ಚರ್ಚೆಯಿಂದ ಏನೂ ಆಗಬೇಕಾಗಿಲ್ಲ.

ಅಂಥವಳ ಮೇಲೆ ಕಣ್ಣಿಟ್ಟ ಅಭ್ಯಾಸವೊಂದು ನಮ್ಮ ಸೀಮೆಯಲ್ಲಿಯೇ ನಡೆಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಅಮೆರಿಕದ ಥಾಮಸ್ ಜೆಫರ್ಸನ್ ವಿಶ್ವವಿದ್ಯಾಲಯದೊಡನೆ ಕೂಡಿ 2021ರಲ್ಲಿ ತೊಡಗಿದ ‘ರಾಪಿಡ್ ಐರನ್’ ಪ್ರಯೋಗ ಅದು. ಕರ್ನಾಟಕ, ರಾಜಸ್ಥಾನಗಳಲ್ಲಿ 4,320 ಬಸುರಿಯರನ್ನು ಆರಿಸಿಕೊಳ್ಳುವುದೆಂದು ಗೊತ್ತುಮಾಡಿದರು. ಏಳರಿಂದ ಹತ್ತರೊಳಗೆ ಹಿಮೋಗ್ಲೋಬಿನ್ ಇರುವವರು, ಎಂದರೆ ನಮ್ಮ ಹುಡುಗಿಯಂಥವರು. ಮೂರು ಗುಂಪು. ಒಂದಕ್ಕೆ ವಾಡಿಕೆಯ ಗುಳಿಗೆ, ದಿನಕ್ಕೆರಡು. ಉಳಿದೆರಡಕ್ಕೆ ಬೇರೆ ಬೇರೆ ಎರಡು ಬಗೆಯ ಹೊಸ ಕಬ್ಬಿಣ, ರಕ್ತನಾಳದ ಮೂಲಕ, ಒಂದೇ ಸಲ. ಹಿಂದೆ ನಾಳಕ್ಕೆ ಕೊಡುತ್ತಿದ್ದ ಕಬ್ಬಿಣದಿಂದ ಕೆಲವರಿಗೆ ಮೈ ಒಗ್ಗದೆ ಪ್ರಾಣಾಪಾಯವಾಗುತ್ತಿತ್ತು. ಹೊಸವು ಅಷ್ಟು ಭಯದ್ದಲ್ಲ, ಒಂದು ಗ್ರಾಂ ಕಬ್ಬಿಣವನ್ನು ಒಂದೇ ಕೂಡಿಕೆಯಲ್ಲಿ ಇಳಿಸಬಹುದು. ಆ ಒಂದು ಗ್ರಾಂ ಓದುಗರಿಗೆ ನೆನಪಿರಬೇಕು. ತಾಯಿಯ ನೆತ್ತರು ಏರುವುದಷ್ಟೇ ಅಲ್ಲ, ಕೂಸಿನ ತೂಕ ಏರುವುದೇ ಎಂಬುದೂ ಪ್ರಶ್ನೆಯಾಗಿತ್ತು. ಆ ಪ್ರಶ್ನೆಯನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಅಡ್ಡಾಡಿ ಬಂದೆ.

ಗುಳಿಗೆಯ ವಿಚಾರದಲ್ಲಿಯೂ ಹೊಸ ಬೆಳಕು ಬಿದ್ದಿದೆ. ಕಬ್ಬಿಣ ಹೊಟ್ಟೆಗಿಳಿದ ದಿನ ಯಕೃತ್ತು ಹೆಪ್ಸಿಡಿನ್ ಎಂಬ ರಸವನ್ನು ಹೆಚ್ಚಿಸಿ ಕರುಳಿನ ಬಾಗಿಲನ್ನು ಅರೆಮುಚ್ಚುತ್ತದೆ. ಮರುದಿನದ ಗುಳಿಗೆಯಲ್ಲಿ ಮೈಗೆ ಹತ್ತುವ ಪಾಲು ಕಡಿಮೆಯಾಗುತ್ತದೆ. ಜೂರಿಕ್ಕಿನ ಸಂಶೋಧಕರು 2017ರಲ್ಲಿ, ಕಬ್ಬಿಣ ಕಡಿಮೆಯಿದ್ದ ಹೆಂಗಸರಲ್ಲಿ ದಿನ ಬಿಟ್ಟು ದಿನ ಕೊಟ್ಟ ಗುಳಿಗೆ ಹೆಚ್ಚು ಹತ್ತಿದ್ದನ್ನು ತೋರಿಸಿದರು. ಬಸುರಿಯರಿಗೆ ವೈದ್ಯರು ಹೇಳಿದ ಕ್ರಮವೇ ಕ್ರಮ. ನನ್ನ ಲೇಖನ ಓದಿ ಯಾರೂ ಗುಳಿಗೆ ಬಿಡಬಾರದು. ಆದರೆ ‘ಹೊಟ್ಟಿ ತೊಳಸ್ತೈತಿ’ ಎಂದ ಹೆಣ್ಣುಮಗಳ ಮಾತನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವ ಹಕ್ಕು ಈಗ ನಮಗಿಲ್ಲ. ಚಾಮರಾಜನಗರದ ಹಳ್ಳಿಗಳಲ್ಲಿ ಸೇಂಟ್ ಜಾನ್ಸಿನವರು ನಡೆಸಿ 2019ರಲ್ಲಿ ಪ್ರಕಟಿಸಿದ ಇನ್ನೊಂದು ಅಭ್ಯಾಸದಲ್ಲಿ ಎರಡೂ ಕಡೆಯ ಮಕ್ಕಳಿಗೆ ಅದೇ ಕಬ್ಬಿಣದ ಔಷಧ. ಕೆಲವು ಊರುಗಳಲ್ಲಿ ಮಾತ್ರ ತರಬೇತಿ ಪಡೆದ ಸ್ಥಳೀಯ ಹೆಂಗಸರು ಮನೆಗೆ ಹೋಗಿ ತಾಯಂದಿರೊಡನೆ ಕುಳಿತು ಮಾತಾಡಿದರು. ಹೆಚ್ಚು ಮಕ್ಕಳು ಗುಣವಾದದ್ದು ಆ ಊರುಗಳಲ್ಲಿ.

ಇಟ್ಟಂಗಿಹಾಳದ ಪಡಸಾಲೆಗೆ ತಿರುಗಿ ಬರುತ್ತೇನೆ. ನರ್ಸಬಾಯಿ ತಾಯಿ ಕಾರ್ಡಿನಲ್ಲಿ ಅಂಕಿ ಬರೆದು ಎದ್ದು ಹೋಗಲಿಲ್ಲ. ಕುಳಿತರು. ಗುಳಿಗೆ ನುಂಗುತ್ತಿಯೋ, ಯಾವಾಗ ನುಂಗುತ್ತಿ, ಊಟದ ಮೇಲೆ ಎಷ್ಟು ಹೊತ್ತಿಗೆ ಚಹಾ ಕುಡಿಯುತ್ತಿ ಎಂದು ಒಂದೊಂದಾಗಿ ಕೇಳಿದರು. ರೊಟ್ಟಿ ಮುಗಿದ ಮರುಗಳಿಗೆಯೇ ಚಹಾ ಕುಡಿಯುವುದು ನಮ್ಮ ಸೀಮೆಯ ಚಟ. ಜೋಳದಲ್ಲಿರುವ ಕಬ್ಬಿಣ ಮೊದಲೇ ಬಿಗಿಯಾಗಿ ಕಟ್ಟಿಕೊಂಡಿರುತ್ತದೆ. ಚಹಾದ ಒಗರು ಅದನ್ನು ಇನ್ನಷ್ಟು ಕಟ್ಟುತ್ತದೆ. ನಿಂಬೆಯ ಹುಳಿ ಬಿಚ್ಚುತ್ತದೆ. ಇಂಡಿಯ ನಿಂಬೆಹಣ್ಣು ದೇಶದ ಸಂತೆಗೆಲ್ಲ ಹೋಗುತ್ತದೆ. ನಮ್ಮ ಬಸುರಿಯರ ತಟ್ಟೆಗೆ ಮಾತ್ರ ಉಪ್ಪಿನಕಾಯಿಯಾಗಿಯಷ್ಟೇ ಬರುತ್ತದೆ. “ಮೆಂತೆ ಪಲ್ಯೆದ ಮ್ಯಾಲ, ಕಾಳಿನ ಮ್ಯಾಲ ಅರ್ಧಾ ನಿಂಬಿಹಣ್ಣು ಹಿಂಡ್ಕೊ. ಚಹಾ ಎರಡ ತಾಸು ಬಿಟ್ಟ ಕುಡಿ. ನಾಳೆ ದವಾಖಾನಿಗೆ ಬಾ, ಪೂರಾ ರಕ್ತ ತಪಾಸ ಮಾಡಸೂಣು” ಎಂದರು. ಏಳುವಾಗ ಸಹಜವಾಗಿ ಎಂಬಂತೆ, “ಮಣ್ಣು ಗಿಣ್ಣು ತಿನ್ನಬೇಕು ಅನಸ್ತೈತೇನವಾ?” ಎಂದು ಕೇಳಿದರು. ಹುಡುಗಿ ಉತ್ತರ ಕೊಡಲಿಲ್ಲ. ತಾಯಿಯ ಕಡೆ ನೋಡಿದಳು.

ಕಬ್ಬಿಣ ಕಡಿಮೆಯಾದವರಿಗೆ ಮಣ್ಣು, ಇಟ್ಟಂಗಿ, ಹಸಿ ಅಕ್ಕಿ, ಮಂಜುಗಡ್ಡೆ ಇಂಥವನ್ನು ಅಗಿಯುವ ತೀರದ ಆಸೆ ಹುಟ್ಟುತ್ತದೆಂದು ಈಗ ವೈದ್ಯರೆಲ್ಲ ಬಲ್ಲರು. ಎಷ್ಟೋ ಜನರಲ್ಲಿ ಕಬ್ಬಿಣ ಕೊಟ್ಟ ಮೇಲೆ ಆ ಆಸೆ ತಾನಾಗಿ ಅಡಗುತ್ತದೆ. ತಿಂದ ಮಣ್ಣು ಊಟದ ಕಬ್ಬಿಣವನ್ನು ಕಟ್ಟಿಹಾಕಬಲ್ಲದು ಎಂಬುದೂ ನಿಜ. ಎಂದರೆ ನಾನು ಕೆತ್ತಿ ತಂದ ಚೂರು ಅಕ್ಕನ ರೋಗಕ್ಕೆ ಮೂಲವಾಗಿರಲಿಲ್ಲ; ರೋಗದ ಗುರುತಾಗಿತ್ತು. ಬೆಳೆಸುವುದರಲ್ಲಿ ಅದರ ಪಾಲು ಎಷ್ಟಿತ್ತೆಂದು ಈಗ ಯಾವ ಯಂತ್ರವೂ ಅಳೆಯಲಾರದು.

ಸಂಜೆ ಕೈ ತೊಳೆಯಲು ಹಿತ್ತಲಿಗೆ ಹೋದೆ. ಆ ಹಳೆಯ ಗೋಡೆ ಇನ್ನೂ ನಿಂತಿತ್ತು. ಆದರೆ ಅದಕ್ಕೆ ಸಿಮೆಂಟಿನ ಗಿಲಾವು ಬಿದ್ದಿತ್ತು. ಅದೂ ಪೂರ್ತಿಯಲ್ಲ, ನೆಲದಿಂದ ಆಳೆತ್ತರಕ್ಕೆ. ಮೇಲೆ ಇಟ್ಟಂಗಿ ಹಾಗೆಯೇ ಕೆಂಪಗೆ ಕಾಣುತ್ತಿತ್ತು. ಅಕ್ಕ ನೀರಿನ ತಂಬಿಗೆ ಹಿಡಿದು ನಿಂತಿದ್ದಳು.

“ಇದ್ಯಾಕ ಅರ್ಧಕ್ಕ ಬಿಡಿಸೀದಿ?” ಎಂದೆ.

“ಹುಡುಗಿ ತವರಿಗೆ ಬರೂದಕ್ಕ ಮೊದಲ ಮಾಡಿಸಿದೆ. ಅದಕಿಂತ ಮ್ಯಾಲ ಅಕೀ ಕೈ ಮುಟ್ಟೂದಿಲ್ಲ” ಎಂದು ಹೇಳಿ, ನನ್ನ ಕೈಗೆ ನೀರು ಹಾಕಿದಳು.